ಕೈಬಿಟ್ಟರೂ ಕೈಗೆ ಬರುವ ಕೊಡಲಿ

2018ರ 'ಗಾಡ್ ಆಫ್ ವಾರ್' ಗೇಮ್‌ನಲ್ಲಿ ಮೊದಲ ಕೊಡಲಿ ಏಟು ಬೀಳುವುದು ಒಂದು ಮರಕ್ಕೆ. ಹಿಮ ಮುಸುಕಿದ ಕಾಡು. ಬೂದು ಮೈಬಣ್ಣದ ಗಡ್ಡಧಾರಿಯೊಬ್ಬ ಮರದ ಮೈಮೇಲೆ ಕೈಯಿಟ್ಟು ನಿಂತಿದ್ದಾನೆ. ಅವನ ಅಂಗೈಯ ಕೆಳಗೆ ಹೊಂಬಣ್ಣದ ಇನ್ನೊಂದು ಅಂಗೈಯ ಗುರುತು ಇದೆ. ತನ್ನ ಚಿತೆಗೆ ಯಾವ ಯಾವ ಮರ ಕಡಿಯಬೇಕು ಎಂದು ಅವನ ಹೆಂಡತಿ ಬದುಕಿರುವಾಗಲೇ ಹಾಕಿಟ್ಟು ಹೋದ ಗುರುತು ಅದು. ಅವನ ಕೈಯಲ್ಲಿರುವ ಕೊಡಲಿಯೂ ಅವಳದೇ. ಆಡುವವರು ಬಟನ್ ಒತ್ತುತ್ತಾರೆ, ಅಲಗು ನಾಟುತ್ತದೆ, ಚಕ್ಕೆ ಸಿಡಿಯುತ್ತದೆ. ಆಮೇಲೆ ಎಷ್ಟೋ ಗಂಟೆಗಳ ಕಾದಾಟ ಬರುತ್ತದೆ, ಆದರೆ ಆ ಕೊಡಲಿಯ ತೂಕ ನನ್ನ ಕೈಗೆ ಮೊದಲು ತಿಳಿದದ್ದು ಅಲ್ಲೇ.

ಸೌದೆ ಒಡೆದು ಅಭ್ಯಾಸ ಇರುವವರಿಗೆ ಈ ದೃಶ್ಯ ಬೇರೆ ಥರ ತಾಗುತ್ತದೆ. ಚಿಕ್ಕಂದಿನಲ್ಲಿ ರಜೆ ಬಂತೆಂದರೆ ಬಚ್ಚಲೊಲೆಯ ಸೌದೆ ಒಡೆಯುವುದು ನನ್ನ ಪಾಲಿನ ಕೆಲಸವಾಗಿತ್ತು. ಕೊಡಲಿ ಎತ್ತಿ ಹೊಡೆಯುವುದು ಎರಡು ದಿನದಲ್ಲಿ ಬಂದುಬಿಡುತ್ತದೆ. ಬೇಗ ಬಾರದಿರುವುದು ಕೀಳುವುದು. ಗಂಟಿರುವ ಕೊರಡಿಗೆ ಅಲಗು ಕಚ್ಚಿಕೊಂಡಿತೋ, ಕೊರಡನ್ನು ಕಾಲಲ್ಲಿ ಮೆಟ್ಟಿ ಹಿಡಿದು, ಕಾವನ್ನು ಮೇಲಕ್ಕೂ ಕೆಳಕ್ಕೂ ಅಲ್ಲಾಡಿಸಿ, ಬೆವರು ಒರೆಸಿಕೊಂಡು ಮತ್ತೆ ಅಲ್ಲಾಡಿಸಬೇಕು. ಕೊಡಲಿ ಕಾಳಗಕ್ಕಿಳಿದವನಿಗೂ ಇದೇ ತೊಡಕು ಇದ್ದಿರಲೇಬೇಕು. ಕತ್ತಿ ಕೊಯ್ದು ಹೊರಬರುತ್ತದೆ, ಕೊಡಲಿ ಕಚ್ಚಿ ನಿಲ್ಲುತ್ತದೆ. ಅದು ಎಲ್ಲಿ ನಾಟಿತೋ ಹಿಡಿದವನೂ ಅಲ್ಲೇ ಸಿಕ್ಕಿಬಿದ್ದ ಹಾಗೆ. ನಾನು ಹೇಳಹೊರಟಿರುವುದು ಈ ತೊಡಕೇ ಹೇಗೆ ಒಂದು ಆಟದ ಜೀವಾಳವಾಯಿತು ಎಂಬ ಕತೆ.

'ಗಾಡ್ ಆಫ್ ವಾರ್' ಸರಣಿಯ ಮೊದಲ ಆಟ ಬಂದದ್ದು 2005ರಲ್ಲಿ. ನಾಯಕ ಆ ಗಡ್ಡಧಾರಿಯೇ, ಹೆಸರು ಕ್ರೇಟೋಸ್, ಗ್ರೀಕ್ ಪುರಾಣದ ನೆಲದಲ್ಲಿ ಹುಟ್ಟಿದ ಸ್ಪಾರ್ಟಾದ ಯೋಧ. ಅವನ ಮುಂಗೈಗಳಿಗೆ ಸರಪಳಿ ಸುತ್ತಿ, ಸರಪಳಿಯ ತುದಿಗೆ ಎರಡು ಬಾಗು ಕತ್ತಿಗಳನ್ನು ಕಟ್ಟಿದ್ದರು. ಬೀಸಿದರೆ ಸುತ್ತ ನಿಂತವರೆಲ್ಲ ಒಟ್ಟಿಗೆ ಉರುಳಬೇಕು. ಅದನ್ನು ನೋಡಲು ಕ್ಯಾಮೆರಾ ದೂರದಲ್ಲಿ, ಎತ್ತರದಲ್ಲಿ ಇರುತ್ತಿತ್ತು. ಎಲ್ಲಿಂದ ನೋಡಬೇಕು ಎಂಬುದನ್ನು ಆಟ ಕಟ್ಟಿದವರೇ ಮೊದಲೇ ತೀರ್ಮಾನಿಸಿಟ್ಟಿದ್ದರು. ಕಂಟ್ರೋಲರ್‌ನ ಬಲಗಡ್ಡಿ (ಸ್ಟಿಕ್) ಕ್ಯಾಮೆರಾ ತಿರುಗಿಸಲು ಇರಲಿಲ್ಲ, ಏಟು ತಪ್ಪಿಸಿಕೊಂಡು ಉರುಳಲು ಇತ್ತು. ಆಯುಧಕ್ಕೂ ಕಣ್ಣಿಗೂ ಹೊಂದಿಕೆ ಚೆನ್ನಾಗಿತ್ತು. 2010ರ ಮೂರನೆಯ ಆಟದ ಹೊತ್ತಿಗೆ ಆ ಹೊಂದಿಕೆ ಎಷ್ಟು ದೂರ ಹೋಗಬಹುದೋ ಅಷ್ಟು ಹೋಗಿತ್ತು.

ಕೋರಿ ಬಾರ್ಲಾಗ್ ಮೊದಲ ಆಟದಲ್ಲಿ ಅನಿಮೇಷನ್ ತಂಡದ ಮುಖ್ಯಸ್ಥ, ಎರಡನೆಯದಕ್ಕೆ ನಿರ್ದೇಶಕ. ಮೂರನೆಯದರ ಕೆಲಸದ ನಡುವೆ, ಆಟ ಕಟ್ಟುತ್ತಿದ್ದ ಸಾಂತಾ ಮೋನಿಕಾ ಸ್ಟುಡಿಯೋ ಬಿಟ್ಟು ಬೇರೆಡೆ ಕೆಲಸ ಮಾಡಿ 2013ರಲ್ಲಿ ಮರಳಿದರು. ಅಷ್ಟರಲ್ಲಿ ಅವರು ತಂದೆಯೂ ಆಗಿದ್ದರು. ಹೊಸ ಆಟಕ್ಕೆ ಈಜಿಪ್ಟ್ ಪುರಾಣವೋ ಉತ್ತರದ ನಾರ್ಸ್ ಪುರಾಣವೋ ಎಂಬ ಚರ್ಚೆ ತಂಡದಲ್ಲಿ ನಡೆದು, ನಾರ್ಸ್ ಗೆದ್ದಿತು. ಕ್ರೇಟೋಸ್‌ಗೆ ವಯಸ್ಸಾಯಿತು, ಜೊತೆಗೆ ಅಟ್ರೆಯಸ್ ಎಂಬ ಮಗ ಬಂದ. ಇದೆಲ್ಲಕ್ಕಿಂತ ದೊಡ್ಡ ತೀರ್ಮಾನ ಇನ್ನೊಂದಿತ್ತು: ಕ್ಯಾಮೆರಾ ಕ್ರೇಟೋಸ್‌ನ ಭುಜದ ಹಿಂದೆಯೇ ಇರಬೇಕು, ಮೊದಲಿಂದ ಕೊನೆಯವರೆಗೆ ಎಲ್ಲೂ ಕತ್ತರಿ ಹಾಕಬಾರದು.

ಕ್ಯಾಮೆರಾ ಹತ್ತಿರ ಬಂದಾಗ ಹಳೆಯ ಕಾದಾಟದ ಲೆಕ್ಕವೆಲ್ಲ ತಲೆಕೆಳಗಾಯಿತು. ಪರದೆಯ ಅರ್ಧವನ್ನು ಕ್ರೇಟೋಸ್‌ನ ಬೆನ್ನೇ ತುಂಬುತ್ತದೆ. ಬೆನ್ನ ಹಿಂದಿನಿಂದ ಯಾರು ಬರುತ್ತಿದ್ದಾರೆ ಎಂಬುದು ಕಾಣುವುದಿಲ್ಲ. ಅದಕ್ಕೇ ಆಟದಲ್ಲಿ ಅವನ ಸುತ್ತ ಸಣ್ಣ ಬಾಣದ ಗುರುತುಗಳು ಮೂಡುತ್ತವೆ: ಹತ್ತಿರ ಶತ್ರು ಇದ್ದರೆ ಬಿಳಿ, ಹೊಡೆಯಲು ಬರುತ್ತಿದ್ದರೆ ಕೆಂಪು, ದೂರದಿಂದ ಏನಾದರೂ ಹಾರಿಬರುತ್ತಿದ್ದರೆ ನೇರಳೆ. ಮಗನೂ ಕೂಗಿ ಎಚ್ಚರಿಸುತ್ತಾನೆ. ಇಷ್ಟು ಇಕ್ಕಟ್ಟಿನ ನೋಟದಲ್ಲಿ ಸುತ್ತೆಲ್ಲ ಬೀಸುವ ಸರಪಳಿ ಕತ್ತಿಗಿಂತ ಮುಂದೆ ನಿಂತ ಒಬ್ಬನ ಮೇಲೆ ಭಾರವಾಗಿ ಬೀಳುವ ಆಯುಧವೇ ಒಗ್ಗುತ್ತದೆ. ವೈಕಿಂಗರ ನಾಡು ಎಂದ ಮೇಲೆ ಕೊಡಲಿ ಬರುವುದು ಸಹಜ. ಆದರೆ ಕೊಡಲಿಗೆ ಕೈಯಳತೆ ಗಿಡ್ಡ. ದೂರದಲ್ಲಿ ನಿಂತು ಬೆಂಕಿಯುಂಡೆ ಎಸೆಯುವವನನ್ನು ಏನು ಮಾಡುವುದು? ಎಸೆಯಬೇಕು. ಎಸೆದರೆ ಕೈ ಬರಿದು. ಹೋಗಿ ಹೆಕ್ಕಿ ತರುವ ಹಾಗಿದ್ದರೆ ಕಾದಾಟದ ಓಟವೇ ನಿಂತುಹೋಗುತ್ತದೆ. ಕರೆದರೆ ಬರುವ ಕೊಡಲಿ ಹುಟ್ಟಿದ ಒತ್ತಡ ಇದೇ ಎಂದು ನಾನು ಓದಿಕೊಂಡಿದ್ದೇನೆ. ಕಣ್ಣು ಹತ್ತಿರ ಬಂದದ್ದರಿಂದ ಕೈ ದೂರ ಹೋಗಬೇಕಾಯಿತು.

ಉತ್ತರ ಮಾತ್ರ ಅದೇ ಪುರಾಣದೊಳಗೆ ಎಂಟುನೂರು ವರ್ಷಗಳಿಂದ ಕಾದು ಕುಳಿತಿತ್ತು. ಐಸ್‌ಲ್ಯಾಂಡಿನ ಸ್ನೋರಿ ಸ್ಟುರ್ಲುಸನ್ ಹದಿಮೂರನೆಯ ಶತಮಾನದಲ್ಲಿ ಬರೆದ 'ಎಡ್ಡಾ'ದಲ್ಲಿ ಕುಳ್ಳ ಕಮ್ಮಾರರಿಬ್ಬರ ಕತೆ ಬರುತ್ತದೆ. ಬ್ರೋಕ್ ಮತ್ತು ಸಿಂಡ್ರಿ ಅಣ್ಣತಮ್ಮಂದಿರು. ಇವರಿಂದ ಒಳ್ಳೆಯ ಸಾಮಾನು ಆಗದು ಎಂದು ಕಿಡಿಗೇಡಿ ದೇವತೆ ಲೋಕಿ ತನ್ನ ತಲೆಯನ್ನೇ ಪಣವಿಡುತ್ತಾನೆ. ಸಿಂಡ್ರಿ ಕುಲುಮೆಗೆ ಕಬ್ಬಿಣ ಇಟ್ಟು, ಏನೇ ಆದರೂ ತಿದಿ ಒತ್ತುವುದನ್ನು ನಿಲ್ಲಿಸಬೇಡ ಎಂದು ಹೇಳಿ ಹೋಗುತ್ತಾನೆ. ಒಂದು ನೊಣ ಬಂದು ಬ್ರೋಕ್‌ನ ಕಣ್ಣೆವೆಗೆ ಕಚ್ಚುತ್ತದೆ. ರಕ್ತ ಇಳಿದು ಕಣ್ಣು ಮಂಜಾಗುತ್ತದೆ. ನೊಣವನ್ನು ಓಡಿಸಲು ಅವನು ಒಂದೇ ಒಂದು ಸಲ ಕೈ ಎತ್ತುತ್ತಾನೆ, ಅಷ್ಟರಲ್ಲಿ ತಿದಿ ಕುಸಿಯುತ್ತದೆ. ಹೊರಬಂದದ್ದು ಗುಡುಗಿನ ದೇವರು ಥಾರ್‌ನ ಸುತ್ತಿಗೆ ಮ್ಯೋಲ್ನಿರ್. ಅದರ ಹಿಡಿ ಗಿಡ್ಡವಾದದ್ದು ಆ ಒಂದು ಗಳಿಗೆಯ ತಪ್ಪಿನಿಂದ. ಗುಣ ಮಾತ್ರ ಪೂರಾ ಬಂತು. ಎಸೆದರೆ ಗುರಿ ತಪ್ಪುವುದಿಲ್ಲ, ಎಷ್ಟು ದೂರ ಎಸೆದರೂ ಎಸೆದವನ ಕೈಗೆ ಮರಳದೆ ಇರುವುದಿಲ್ಲ. ಸುದರ್ಶನ ಚಕ್ರದ ಕತೆ ಕೇಳಿ ಬೆಳೆದ ನಮಗೆ ಇದನ್ನು ಒಪ್ಪಿಕೊಳ್ಳಲು ಒಂದು ನಿಮಿಷವೂ ಬೇಡ.

ಗೇಮ್‌ನಲ್ಲಿಯೂ ಆ ಕಮ್ಮಾರರೇ ಬರುತ್ತಾರೆ. ಥಾರ್‌ಗೆ ಸುತ್ತಿಗೆ ಮಾಡಿಕೊಟ್ಟು, ಅದರಿಂದ ಆದ ಅನಾಹುತ ನೋಡಿ ನೊಂದ ಅವರು ಅದಕ್ಕೆ ಎದುರಾಗಿ ನಿಲ್ಲಬಲ್ಲ ಕೊಡಲಿಯೊಂದನ್ನು ಮಾಡಿ ಕ್ರೇಟೋಸ್‌ನ ಹೆಂಡತಿ ಫೇಗೆ ಕೊಟ್ಟಿದ್ದರು ಎಂಬುದು ಆಟದ ಕತೆ. ಹೆಸರು ಲೆವಯಾಥನ್. ಸುತ್ತಿಗೆಯ ಮರಳಿ ಬರುವ ಗುಣ ಕೊಡಲಿಗೂ ದಾಟಿತು, ಮೇಲೆ ಹಿಮದ ಗುಣವೂ ಸೇರಿತು. ಹಳೆಯ ಪಠ್ಯವನ್ನು ಇಷ್ಟು ಗೌರವದಿಂದ ಬಳಸಿಕೊಂಡ ಗೇಮ್ ಕಡಿಮೆ.

ಜಗತ್ತು ಈ ಕೊಡಲಿಯನ್ನು ಮೊದಲು ಕಂಡದ್ದು 2016ರ ಜೂನ್‌ನಲ್ಲಿ, ಲಾಸ್ ಏಂಜಲೀಸ್‌ನ ಇ3 ಗೇಮ್ ಮೇಳದ ಹೊತ್ತಿಗೆ. ಬೇರ್ ಮೆಕ್‌ಕ್ರಿಯರಿ ಅವರ ಸಂಗೀತವನ್ನು ವಾದ್ಯವೃಂದ ವೇದಿಕೆಯಲ್ಲೇ ನುಡಿಸುತ್ತಿರಲು, ಪರದೆಯ ಮೇಲೆ ಕ್ರೇಟೋಸ್ ಕೊಡಲಿ ಎಸೆದು, ಕೈ ಚಾಚಿ, ಮರಳಿ ಹಿಡಿದ. ಕ್ಯಾಮೆರಾ ಬದಲಾದ ಮೇಲೆ ಕಾದಾಟವನ್ನು ಹೇಗೆ ಮತ್ತೆ ಕಟ್ಟಿದೆವು ಎಂಬುದನ್ನು ವಿನ್ಯಾಸಕರಾದ ಮಿಹಿರ್ ಶೇಠ್ ಮತ್ತು ಜೇಸನ್ ಮೆಕ್‌ಡೊನಾಲ್ಡ್ 2019ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಬೇರೆ ಬೇರೆ ಉಪನ್ಯಾಸಗಳಲ್ಲಿ ವಿವರಿಸಿದರು.

ಆ ಮರಳುವಿಕೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಕಂಟ್ರೋಲರ್‌ನ ಎಲ್2 ಬಟನ್ ಒತ್ತಿ ಹಿಡಿದರೆ ಗುರಿ. ಆರ್1 ಒತ್ತಿದರೆ ಹಗುರ ಎಸೆತ, ಆರ್2 ಒತ್ತಿದರೆ ಭಾರಿ ಎಸೆತ. ಕೊಡಲಿ ಹೋಗಿ ಕಲ್ಲಿಗೋ ಮರಕ್ಕೋ ಶತ್ರುವಿನ ಎದೆಗೋ ನಾಟುತ್ತದೆ. ತ್ರಿಕೋನದ ಬಟನ್ ಒತ್ತಿದರೆ ಕ್ರೇಟೋಸ್ ಬಲಗೈ ಚಾಚುತ್ತಾನೆ. ನನ್ನ ಕೊರಡಿಗೆ ಕಚ್ಚಿಕೊಂಡಿದ್ದ ಕೊಡಲಿಯನ್ನು ಮೆಟ್ಟಿ ಅಲ್ಲಾಡಿಸಬೇಕಿತ್ತಲ್ಲ, ಇದು ತಾನೇ ಕಿತ್ತುಕೊಳ್ಳುತ್ತದೆ. ಗಾಳಿ ಸೀಳುವ ಸದ್ದು ದೂರದಿಂದ ಹತ್ತಿರಕ್ಕೆ ಏರುತ್ತದೆ. ನಿಮ್ಮ ಕೈಯೊಳಗಿನ ಕಂಟ್ರೋಲರ್ ಅದುರತೊಡಗುತ್ತದೆ. ಆಮೇಲೆ ಧಪ್ ಎಂದು ಕಾವು ಅಂಗೈಗೆ ಬಡಿಯುತ್ತದೆ, ಕ್ರೇಟೋಸ್‌ನ ತೋಳು ಆ ಭಾರಕ್ಕೆ ಹಿಂದಕ್ಕೆ ಸರಿಯುತ್ತದೆ, ಚಿತ್ರ ಒಂದಿಷ್ಟು ನಡುಗುತ್ತದೆ. ಪರದೆಯ ಮೇಲಿನ ಕೊಡಲಿಗೆ ಒಂದು ಗುಂಜಿ ತೂಕವೂ ಇಲ್ಲ. ಹಿಡಿದ ತೋಳು ಹಿಂದೆ ಸರಿಯುವುದರಿಂದ, ಸದ್ದಿನಿಂದ, ಅದುರಿನಿಂದ ಆ ತೂಕವನ್ನು ಹುಟ್ಟಿಸಿದ್ದಾರೆ. ಏಟು ಬಿದ್ದ ಕ್ಷಣದಲ್ಲಿ ಚಲನೆ ಒಂದೆರಡು ಫ್ರೇಮ್‌ನಷ್ಟು ಕಾಲ ತಡೆದು ನಿಲ್ಲುತ್ತದೆ. ಇದು ಕಾದಾಟದ ಗೇಮ್‌ಗಳಲ್ಲಿ ಹಳೆಯ ಕಸುಬು. ಸೆಕೆಂಡಿಗೆ 30 ಫ್ರೇಮ್ ಓಡುವಾಗ ಒಂದು ಫ್ರೇಮ್ ಎಂದರೆ 33 ಮಿಲಿಸೆಕೆಂಡು. ಕಣ್ಣು ಆ ತಡೆಯನ್ನು ಗಮನಿಸುವುದಿಲ್ಲ, ಅಲಗು ಕಚ್ಚಿತು ಎಂದು ಮನಸ್ಸು ನಂಬುತ್ತದೆ.

ಸ್ಟುಡಿಯೋ ಕಂಡುಕೊಂಡದ್ದು ಇದು. ಆದರೆ ಇದನ್ನು ಆಡುವವರೂ ತಮ್ಮ ಪಾಲಿಗೆ ಇನ್ನೊಮ್ಮೆ ಕಂಡುಕೊಳ್ಳಬೇಕು. ನನಗೆ ಅದು ಆದದ್ದು ಶಿವಮೊಗ್ಗದಲ್ಲಿ, ಅಕ್ಕನ ಮನೆಯಲ್ಲಿ, ಒಂದು ದಸರಾ ರಜೆಯಲ್ಲಿ. ಆಟದೊಳಗಿನ 'ಒಂಬತ್ತರ ಸರೋವರ'ದ ದಂಡೆಯ ಪಾಳುಗಟ್ಟಡದಲ್ಲಿ ಮೂವರು ಡ್ರೌಗರ್‌ಗಳು, ಅಂದರೆ ಎದ್ದು ಓಡಾಡುವ ಹೆಣಗಳು, ನನ್ನನ್ನು ಮತ್ತೆ ಮತ್ತೆ ಕೊಲ್ಲುತ್ತಿದ್ದರು. ನಾನು ಒಬ್ಬನಿಗೆ ಹೊಡೆಯುವಷ್ಟರಲ್ಲಿ ಇನ್ನೊಬ್ಬ ಬೆನ್ನಿಗೆ ಬೀಳುತ್ತಿದ್ದ. ಅಕ್ಕನ ಮಗ ಪಕ್ಕದಲ್ಲಿ ಕೂತು ಮಂಡಕ್ಕಿ ತಿನ್ನುತ್ತಿದ್ದವನು ಕೊನೆಗೆ ಬಾಯಿಬಿಟ್ಟ.

"ಮಾಮ, ಕೊಡಲಿನ ಯಾಕೆ ಅಷ್ಟು ಬಿಗಿಯಾಗಿ ಹಿಡ್ಕೊಂಡಿದ್ದೀರಾ? ಬಿಡಿ ಅದನ್ನ."

"ಬಿಟ್ರೆ ಹೊಡೆಯೋದು ಯಾವುದರಲ್ಲೋ?"

"ಕೈ ಇದೆಯಲ್ಲ. ಒಬ್ಬನಿಗೆ ಕೊಡಲಿ ನೆಟ್ಟು ಅಲ್ಲೇ ಬಿಡಿ. ಇನ್ನೊಬ್ಬನಿಗೆ ಗುದ್ದಿ. ಕರೀಬೇಕಾದಾಗ ಕರೆದ್ರೆ ಬರುತ್ತೆ ಅದು, ಎಲ್ಲೂ ಓಡಿಹೋಗಲ್ಲ."

ಹುಡುಗ ಹೇಳಿದ ಹಾಗೆ ಮಾಡಿದೆ. ಭಾರಿ ಎಸೆತ ಮೊದಲನೆಯವನ ಎದೆಗೆ ನಾಟಿತು. ಅವನು ಹಿಮಗಟ್ಟಿ ನಿಂತಲ್ಲೇ ನಿಂತ. ಎರಡನೆಯವನಿಗೆ ಬರಿಗೈಯಲ್ಲಿ ಗುದ್ದತೊಡಗಿದೆ. ಗುದ್ದಿನಿಂದ ಜೀವ ಕಡಿಮೆಯಾಗುವುದು ಸ್ವಲ್ಪವೇ, ಆದರೆ ತಲೆ ಸುತ್ತು ಬೇಗ ಏರುತ್ತದೆ. ಜೀವದ ಪಟ್ಟಿಯ ಕೆಳಗಿನ ಸಣ್ಣ ಪಟ್ಟಿ ತುಂಬಿದ ಕೂಡಲೇ ಬಲಗಡ್ಡಿಯನ್ನು ಅದುಮಿದರೆ ಕ್ರೇಟೋಸ್ ಅವನನ್ನು ಹಿಡಿದು ಮುಗಿಸುತ್ತಾನೆ. ಮೂರನೆಯವನು ಓಡಿಬರುತ್ತಿದ್ದ. ಆಗ ನನಗೆ ಒಂದು ಸಂಗತಿ ಕಂಡಿತು. ಅವನು ಸರಿಯಾಗಿ ನನಗೂ ನನ್ನ ಕೊಡಲಿಗೂ ನಡುವೆ ಇದ್ದ. ತ್ರಿಕೋನ ಒತ್ತಿದೆ. ಹಿಮಗಟ್ಟಿದವನ ಎದೆಯಿಂದ ಕಿತ್ತುಕೊಂಡ ಕೊಡಲಿ ಬರುವ ದಾರಿಯಲ್ಲಿ ಮೂರನೆಯವನ ಬೆನ್ನಿಗೆ ಬಿದ್ದು, ಅವನನ್ನು ತತ್ತರಿಸಿ, ನನ್ನ ಕೈಗೆ ಬಂತು.

"ಹೂಂ ಮಾಮ, ಈಗ ಬಂತು ನೋಡಿ," ಎಂದ ಹುಡುಗ.

ಅಲ್ಲಿಂದಾಚೆ ನಾನು ಆಡುವ ರೀತಿಯೇ ಬದಲಾಯಿತು. ಕೊಡಲಿ ಕೈಯಲ್ಲಿ ಇಲ್ಲದ ಹೊತ್ತು ವ್ಯರ್ಥವಲ್ಲ ಎಂಬುದು ಒಮ್ಮೆ ಮೈಗೆ ಹತ್ತಿದರೆ, ಉಳಿದದ್ದು ನಿಲ್ಲುವ ಜಾಗದ ಲೆಕ್ಕ. ಶತ್ರುವಿನ ಪಕ್ಕದಿಂದ ಬೇಕೆಂದೇ ಹಿಂದಿನ ಗೋಡೆಗೆ ಎಸೆಯುವುದು, ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಅವನನ್ನು ಕೊಡಲಿಯ ದಾರಿಗೆ ತರುವುದು, ಆಮೇಲೆ ಕರೆಯುವುದು. ಗುರಿ ತಪ್ಪಿದ ಎಸೆತ ಎಂಬುದೇ ಇಲ್ಲ. ಹೋಗುವಾಗ ತಪ್ಪಿದ್ದು ಬರುವಾಗ ತಾಗಬಹುದು. ಓಡಿಬರುವವನ ಕಾಲಿಗೆ ಹಗುರ ಎಸೆತ ಬಿದ್ದರೆ ಅವನು ಮುಗ್ಗರಿಸುತ್ತಾನೆ, ಎಲ್ಲಕ್ಕೂ ತಲೆಯೇ ಗುರಿಯಾಗಬೇಕಿಲ್ಲ. ದೂರದಿಂದ ಎಸೆಯುವವನಿಗೆ ಮಗನ ಬಾಣ ಬಿಡಿಸಿ ಅವನ ಗಮನ ಕದಲಿಸಿದರೆ ನಿಮಗೆ ಎರಡು ಉಸಿರಿನಷ್ಟು ಬಿಡುವು ಸಿಗುತ್ತದೆ. ಎಡಗೈಯ ಗುರಾಣಿಯನ್ನು ಮರೆಯಬಾರದು. ಕೊಡಲಿ ದೂರ ಇದ್ದಾಗಲೂ ಗುರಾಣಿ ಜೊತೆಗೇ ಇರುತ್ತದೆ. ಆಟದಲ್ಲಿ ಹತ್ತಾರು ಹೊಸ ಪಟ್ಟುಗಳನ್ನು, ರೂನ್‌ಗಳ ಶಕ್ತಿಗಳನ್ನು ಕೊಂಡುಕೊಳ್ಳಬಹುದು, ಅವು ಚೆನ್ನಾಗಿಯೂ ಇವೆ. ಆದರೆ ಎಸೆದು, ಗುದ್ದಿ, ಕರೆಯುವ ಈ ಮೂರರ ಲಯ ಕೂಡದೆ ಅವು ಯಾವುವೂ ನಿಮ್ಮನ್ನು ಉಳಿಸುವುದಿಲ್ಲ.

ಇದೇ ಪಾಠವನ್ನು ಆಟ ಒಗಟುಗಳ ಮೂಲಕವೂ ಕಲಿಸುತ್ತದೆ. ತಿರುಗುವ ಹಲ್ಲುಗಾಲಿಗೆ ಕೊಡಲಿ ಎಸೆದರೆ ಅದು ಹಿಮಗಟ್ಟಿ ನಿಲ್ಲುತ್ತದೆ, ಬಾಗಿಲು ತೆರೆದೇ ಇರುತ್ತದೆ. ಕರೆದರೆ ಗಾಲಿ ಮತ್ತೆ ತಿರುಗಿ ಬಾಗಿಲು ಬೀಳುತ್ತದೆ. ಕೊಡಲಿ ಅಲ್ಲಿ ಕೆಲಸ ಮಾಡುತ್ತಿರುವಷ್ಟು ಹೊತ್ತು ಇಲ್ಲಿ ಕೈ ಖಾಲಿ. ಅದನ್ನು ಸಹಿಸಿಕೊಂಡೇ ಒಳಗೆ ಕಾಲಿಡಬೇಕು.

ನಿಜವಾದ ವೈಕಿಂಗರು ಹೀಗೆ ಎಸೆಯುತ್ತಿದ್ದರೇ ಎಂದು ಆ ಹುಡುಗ ಕೇಳಿದ್ದ. ಎಸೆಯುವ ಕೊಡಲಿಗೆ ಹೆಸರಾದವರು ವೈಕಿಂಗರಿಗಿಂತ ಮೊದಲಿನ ಫ್ರಾಂಕ್ ಜನ. ಅವರ ಎಸೆಗೊಡಲಿಗೆ ಫ್ರಾನ್ಸಿಸ್ಕಾ ಎಂದು ಹೆಸರು, ಆರನೆಯ ಶತಮಾನದ ಇತಿಹಾಸಕಾರ ಪ್ರೊಕೋಪಿಯಸ್ ಈ ಜನರ ಕೊಡಲಿ ಎಸೆತದ ಬಗ್ಗೆ ಬರೆದಿದ್ದಾನೆ. ವೈಕಿಂಗರ ಕೊಡಲಿ ಮುಖ್ಯವಾಗಿ ಕೈಯಲ್ಲೇ ಇರುವ ಆಯುಧ. ನಾರ್ವೆಯ ಯಾನ್ ಪೀಟರ್ಸನ್ 1919ರಲ್ಲಿ ಅಲ್ಲಿ ಸಿಕ್ಕ ಆಯುಧಗಳನ್ನು ಆಕಾರದ ಪ್ರಕಾರ ವಿಂಗಡಿಸಿದ ಪಟ್ಟಿಯನ್ನು ಪುರಾತತ್ವದವರು ಇಂದಿಗೂ ಬಳಸುತ್ತಾರೆ. ಅಲಗಿನ ಕೆಳತುದಿ ಗಡ್ಡದ ಹಾಗೆ ಇಳಿದಿರುವ ಕೊಡಲಿಗಳು ಅದರಲ್ಲಿವೆ, ಲೆವಯಾಥನ್‌ನದೂ ಅದೇ ಗಡ್ಡ. ಡೆನ್ಮಾರ್ಕಿನ ಮಾಮೆನ್ ಎಂಬಲ್ಲಿ 1868ರಲ್ಲಿ ಒಂದು ಸಮಾಧಿಯಲ್ಲಿ ಸಿಕ್ಕ ಕೊಡಲಿಯ ಕಬ್ಬಿಣದ ಮೈತುಂಬ ಬೆಳ್ಳಿ ತಂತಿಯ ಕುಸುರಿಯಿದೆ. ಸಮಾಧಿಯ ಮರದ ವರ್ಷವಲಯಗಳನ್ನು ಎಣಿಸಿ, ಅದು 970-71ರ ಚಳಿಗಾಲದ ಮರ ಎಂದು ಕಂಡುಹಿಡಿದಿದ್ದಾರೆ. ಆ ಕೊಡಲಿಯನ್ನು ಯಾರೂ ದೂರಕ್ಕೆ ಎಸೆದು ಬರಿಗೈಯಲ್ಲಿ ನಿಂತಿರಲಾರರು ಎಂದು ನನಗನ್ನಿಸುತ್ತದೆ. ಮರಳುವ ಭರವಸೆ ಇದ್ದರೆ ಮಾತ್ರ ಅಂಥದ್ದನ್ನು ಕೈಬಿಡಬಹುದು. ಪುರಾಣ ಕೊಟ್ಟದ್ದು ಆ ಭರವಸೆ.

ಆಟ ಅರ್ಧ ದಾಟಿದ ಮೇಲೆ ಅದೇ ಭರವಸೆಯನ್ನು ಕಿತ್ತುಕೊಳ್ಳುತ್ತದೆ. ಮಗ ಕಾಯಿಲೆ ಬೀಳುತ್ತಾನೆ. ಅವನನ್ನು ಉಳಿಸಲು ಸತ್ತವರ ಲೋಕವಾದ ಹೆಲ್‌ಹೈಮ್‌ಗೆ ಹೋಗಬೇಕು. ಅಲ್ಲಿ ನಿನ್ನ ಹಿಮದ ಕೊಡಲಿ ನಡೆಯದು ಎಂದು ದೇವತೆ ಫ್ರೇಯಾ ಹೇಳುತ್ತಾಳೆ. ಹಿಮದಲ್ಲೇ ಇರುವವರನ್ನು ಹಿಮದಿಂದ ಹೆದರಿಸುವುದು ಹೇಗೆ? ಕ್ರೇಟೋಸ್ ಮನೆಗೆ ಹೋಗಿ, ನೆಲದಡಿ ಹುಗಿದಿಟ್ಟಿದ್ದ ಹಳೆಯ ಸರಪಳಿ ಕತ್ತಿಗಳನ್ನು ಹೊರತೆಗೆದು, ಮುಂಗೈಗೆ ಮತ್ತೆ ಸುತ್ತಿಕೊಳ್ಳುತ್ತಾನೆ. ಮರೆಯಬೇಕೆಂದಿದ್ದ ಬದುಕು ಅದು. ಕೊಡಲಿ ಕರೆದರೆ ಬರುತ್ತದೆ, ಆ ಕತ್ತಿಗಳು ಕರೆಯದೆಯೂ ಅಂಟಿಕೊಂಡೇ ಇರುತ್ತವೆ. ಈ ವ್ಯತ್ಯಾಸವನ್ನು ಒಂದು ಮಾತಿನಲ್ಲೂ ವಿವರಿಸದೆ, ಎರಡು ಆಯುಧಗಳ ಹಿಡಿತದಲ್ಲೇ ತೋರಿಸಿದ್ದಾರೆ. ಅದು ನನಗೆ ಇಡೀ ಆಟದಲ್ಲಿ ಅತಿ ಇಷ್ಟವಾದ ಗಳಿಗೆ.

2022ರ ನವೆಂಬರ್‌ನಲ್ಲಿ ಮುಂದಿನ ಭಾಗ 'ರಾಗ್ನರಾಕ್' ಬಂತು. ಆ ಹೊತ್ತಿಗೆ 2018ರ ಆಟದ 2.3 ಕೋಟಿ ಪ್ರತಿಗಳು ಮಾರಾಟವಾಗಿದ್ದವು. ಹಳೆಯ ಆಟದಲ್ಲಿ ತ್ರಿಕೋನದ ಬಟನ್‌ನ ಮುಖ್ಯ ಕೆಲಸ ಕೊಡಲಿಯನ್ನು ಮರಳಿ ಕರೆಯುವುದು. ಹೊಸದರಲ್ಲಿ ಕೊಡಲಿ ಕೈಯಲ್ಲಿದ್ದಾಗ ಅದೇ ಬಟನ್ ಒತ್ತಿ ಹಿಡಿದರೆ ಅಲಗಿಗೆ ಹಿಮ ತುಂಬಿಕೊಂಡು ಮುಂದಿನ ಏಟು ಇನ್ನೂ ಬಲವಾಗುತ್ತದೆ. ಈಗ ಕೊಡಲಿ ಹತ್ತಿರ ಇದ್ದರೂ ದೂರ ಇದ್ದರೂ ಹೆಬ್ಬೆರಳಿಗೆ ಅಲ್ಲಿ ಕೆಲಸವಿದೆ.

ಮೊದಲ ಸಲ ಈ ಆಟಕ್ಕೆ ಕೂರುವವರಲ್ಲಿ ಒಂದು ಕೋರಿಕೆ. ಪಟ್ಟುಗಳ ಪಟ್ಟಿ ತೆರೆಯುವ ಮೊದಲು ಯಾರೂ ಇಲ್ಲದ ಬಯಲಲ್ಲಿ ನಿಂತು, ಒಂದು ಮರಕ್ಕೆ ಹತ್ತು ಸಲ ಕೊಡಲಿ ಎಸೆಯಿರಿ, ಹತ್ತು ಸಲ ಕರೆಯಿರಿ. ಪ್ರತಿ ಸಲವೂ ನಿಂತ ಜಾಗ ಬದಲಿಸಿ, ಅದು ಯಾವ ದಾರಿಯಲ್ಲಿ ಬರುತ್ತದೆ ಎಂದು ನೋಡಿ. ಮೊದಲ ಕಾದಾಟದಲ್ಲಿ ಆ ದಾರಿಯ ಮೇಲೆ ಒಬ್ಬ ಡ್ರೌಗರ್ ಬಂದು ನಿಂತೇ ನಿಲ್ಲುತ್ತಾನೆ.